ಹಡಗಿನ ಪುಸ್ತಕದ ಕೊನೇ ಹಾಳೆ

ಕದ್ದು ಕೇಳೋದರಲ್ಲಿ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿಗೆ ನಾನೇ ಹೀರೋ, ತಿಳ್ಕೊಳ್ಳಿ! ಇವತ್ತು ಪಕ್ಕದಲ್ಲಿ ಹಂಪಮ್ಮ ಎಂಬಾಕೆ ಮೈದುನನ ಜೊತೆ ಕೂತಿದ್ದಳು. ಮಡಿಲಲ್ಲಿ ಬ್ರಿಟಿಷರ ಕಾಲದ ಸಮುದ್ರಯಾನದ ಪುಸ್ತಕ, ಅಂಚಿಗೆಲ್ಲ ಕೈಬರಹ. ಹಡಗಿನ ಕೂಲಿಗೆ ಹೋಗಿದ್ದ ಗಂಡನದಂತೆ. ಮುಂಬಯಿಯಿಂದ ಟಪಾಲಿನಲ್ಲಿ ಪುಸ್ತಕವಷ್ಟೇ ಬಂದಿತ್ತು.

“ಕೊನೀ ಹಾಳಿ ಇನ್ನೊಮ್ಮೆ ಓದೋ ಗಂಗಪ್ಪ.”

“ಎಷ್ಟು ಸಲ ಓದ್ಲಿ ಅತ್ತಿಗಿ? ‘ಬರ್ತೀನಿ, ಬಳಿ ತೆಗೀಬ್ಯಾಡ’ ಅಂತ ಅಣ್ಣ ಬರದಾನ.”

“ಮಂದಿ ಒಡದ್ಹಾಕು ಅಂತಾರಲ್ಲೋ.”

“ಮಂದಿ ಬಾಯಾಗ ಮಣ್ಣು ಹಾಕು.”

ಆಕೆಗೆ ಸಮಾಧಾನವಾಗಲಿಲ್ಲ. ಪುಸ್ತಕ ನನ್ನತ್ತ ಚಾಚಿದಳು.

“ತಮ್ಮಾ, ಸಾಲಿ ಕಲ್ತಾಂವ ಕಾಣ್ತಿ. ನೀನರ ಓದು.”

“ಬರ್ತೀನಿ ಅಂತಾನ ಐತ್ರಿ, ಅಕ್ಕಾ.”

“ಹಂಗಾರ ಕಾಯ್ತೀನಿ ಬಿಡು.”

ಇಬ್ಬರೂ ಕೊಟ್ಟೂರು ಬಸ್ಸು ಹತ್ತಿದರು.

ನಿಜ ಹೇಳ್ತೀನಿ. ಆ ಹಾಳೆಯಲ್ಲಿದ್ದದ್ದು ಬೇರೆಯವರ ಅಕ್ಷರ: ‘ಇದರ ಒಡೆಯ ಸಮುದ್ರದ ಪಾಲಾದ. ಮನೆಯವರಿಗೆ ತಿಳಿಸಿ.’