ನಿನ್ನೆ ತೀರಿಕೊಂಡವನು

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಅವನ ಅಂಗಿಯ ತುಂಬ ಪೇಂಟಿನ ಕಲೆ. ಅವನ ಫೋನು ಅವಳ ಕೈಯಲ್ಲಿ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು.

"ಆ ಕ್ರೆಡಿಟ್ ಕಾರ್ಡಿನವನೇ ತಾನೆ? ಕೊಡಿಲ್ಲಿ, ಕೂಲಿ ಬಂದ ತಕ್ಷಣ ಕಟ್ತೀನಿ ಅಂತೀನಿ."

"ಬೇಡ ರೀ. ನೀವು ತೀರ್ಕೊಂಡ್ರಿ ಅಂತ ನಿನ್ನೆ ಹೇಳ್ಬಿಟ್ಟೆ."

"ತಲೆ ಕೆಟ್ಟಿದ್ಯಾ ನಿಂಗೆ?"

"ದಿನಸಿಗೆ ಕಾರ್ಡ್ ಉಜ್ಜೋವಾಗ ನಾಚಿಕೆ ಆಗ್ಲಿಲ್ವಾ ಅಂತ ಬಾಯಿಗೆ ಬಂದ ಹಾಗೆ ಬೈದ. ನೀವೋ ಫೋನ್ ಮನೇಲೇ ಬಿಟ್ಟು ಎರಡು ದಿನ ಪರವೂರಿನ ಕೆಲಸಕ್ಕೆ ಹೋಗಿದ್ರಿ, ನಂಗೆ ಇನ್ನೇನೂ ತೋಚಲಿಲ್ಲ."

"ಅದಕ್ಕವನು ಏನಂದ?"

"ಡೆತ್ ಸರ್ಟಿಫಿಕೇಟ್ ನೋಡೋಕೆ ಇವತ್ತು ಸಂಜೆ ಮನೆಗೇ ಬರ್ತಾನಂತೆ."

"ಹಾಗಾದ್ರೆ ನಾನೀಗ ಮನೆಗೆ ಬರೋ ಹಾಗಿಲ್ಲ. ಪುಟ್ಟಿ ಬಾಯಿಬಿಟ್ರೆ?"

"ಅಪ್ಪ ಎಲ್ಲಿ ಅಂತ ಕೇಳಿದ್ರೆ ಅಳಬೇಕು ಅಂತ ಹೇಳ್ಕೊಟ್ಟಿದೀನಿ."

"ಅಳ್ತಾಳಾ?"

"ನಿನ್ನೆಯಿಂದ ನಿಲ್ಲಿಸೇ ಇಲ್ಲ ರೀ."

ಬಸ್ಸು ಬಂತು. ಅವಳೊಬ್ಬಳೇ ಹತ್ತಿದಳು.