ಸೋಮವಾರದ ಕಂಬ

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸಂಪಗಾಂವದ ಬಸ್ಸಿಗೆ ಕಾಯುತ್ತಿದ್ದ ಮುದುಕ ಜಟ್ಟೆಪ್ಪನ ಬೆನ್ನ ಹಿಂದೆ ಇಬ್ಬರು ಹರೆಯದವರು ಮಾತಿಗೆ ನಿಂತಿದ್ದರು; ಅವರ ಮಾತೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಮರುದಿನ ಸೋಮವಾರ ಧಾರವಾಡದಲ್ಲಿ ಇಬ್ಬರಿಗೂ ಕರೆಂಟಿನ ಕಂಬ ಹತ್ತಿ ತೋರಿಸುವ ವಾಯರ್‌ಮನ್ ಪರೀಕ್ಷೆ. ಎಪ್ಪತ್ತೇಳನೆಯ ಇಸವಿ ಅದು. ಶ್ರಾವಣವೂ ರಂಜಾನೂ ಒಟ್ಟಿಗೇ ಬಂದಿದ್ದವು.

"ನಿನ್ನ ಪಾಳಿ ಎಷ್ಟಕ್ಕಲೇ, ಮೌಲಾ?"

"ಮಧ್ಯಾಹ್ನ ಮೂರಕ್ಕ. ನಿಂದು ಮುಂಜಾನಿ ಎಂಟಕ್ಕ. ನಸೀಬ ನಿಂದು, ಯಮನಪ್ಪ."

"ಹೋದ ವರ್ಷಾನೂ ರೋಜಾದಾಗ ಮೂರಕ್ಕ ಹತ್ತಿದಿ. ಕಣ್ಣಿಗೆ ಕತ್ತಲಿ ಬಂದು ಅರ್ಧಾ ಕಂಬದಿಂದ ಇಳದಿ. ಈ ಸಲ ಒಂದ ಗುಟಕ ನೀರ ಕುಡದ ಹತ್ತೋ ಮಾರಾಯ."

"ಅದೊಂದ ಹೇಳಬ್ಯಾಡ."

"ಪಾಳಿ ಬದಲಿ ಮಾಡ್ರಿ ಅಂತ ಪರೀಕ್ಷಾ ಸಾಹೇಬನ್ನ ಕೇಳ್ತೇನಿ ಅಂದಿದ್ದಿ. ಏನಂದಾ?"

"ಸರಕಾರದ ಕಂಬಕ್ಕ ರೋಜಾ ಗೊತ್ತಿಲ್ಲ ಅಂದಾ."

"ಹಂಗಾರ ನಾ ಕೇಳತೇನಿ. ಶ್ರಾವಣ ಸೋಮವಾರ, ಮುಂಜಾನಿ ಪೂಜಾ ಐತ್ರಿ, ನನ್ನ ಮಧ್ಯಾಹ್ನಕ್ಕ ಹಾಕ್ರಿ ಅಂತೇನಿ. ಅವನ ಹಣಿ ಮ್ಯಾಲೂ ವಿಭೂತಿ ಐತಿ, ಇಲ್ಲ ಅನ್ನಂಗಿಲ್ಲ. ಎಂಟರ ಪಾಳಿ ನಿನಗ ಸಿಗತೈತಿ."

"ನಿನಗೂ ಉಪಾಸ ಐತೆಲ್ಲೋ."

"ನಂದು ಚಾ, ಬಾಳಿಹಣ್ಣು ನಡಿಯೋ ಉಪಾಸಲೇ!"

ಮೌಲಾ ನಗಲಿಲ್ಲ.

"ನಿನ್ನ ಪೂಜಾ ಖರೆ, ನನ್ನ ರೋಜಾ ನೆವ. ಹೌದಲ್ಲ?"

"ನಾ ಹಂಗ ಅಂದ್ನೇನು? ಈ ಸಲಾನೂ ಫೇಲಾದ್ರ ನಿಮ್ಮಪ್ಪ ಹೊಲಿಗಿ ಮಷೀನಿಗೆ ಕುಂದರಸ್ತಾನ. ಅದರ ಚಿಂತಿ ನನಗ."

ಧಾರವಾಡದ ಬಸ್ಸು ಬಂದು ನಿಂತಿತು. ಮೌಲಾ ಚೀಲ ಹೆಗಲಿಗೇರಿಸಿದ.

"ಮೊದಲ ನಾನ ಇನ್ನೊಮ್ಮೆ ಕೇಳತೇನಿ, ರೋಜಾ ಐತ್ರಿ ಅಂತನ. ಅಲ್ಲೀತನಕ ನೀ ಬಾಯಿ ಬಿಡಬ್ಯಾಡ."

"ಮತ್ತ ಇಲ್ಲ ಅಂದ್ರ?"

"ಆವಾಗ ನಿನ್ನ ಪೂಜಾದ ಮಾತ ತಗಿ."

ಇಬ್ಬರೂ ಮಂದಿಯ ನಡುವೆ ನುಗ್ಗಿ ಬಸ್ಸು ಹತ್ತಿದರು.