ಇಬ್ಬರು ಕಾಣ್ತೀರಿ

…ಇಲ್ಲ ಹರಿ, ಜ್ವರ ಅಲ್ಲ. ಜ್ವರ ಬಂದು ತೀರಿಕೊಂಡಳು ಅಂತ ಜೇಲಿಗೆ ಬರೆದವರು ಯಾರು? ನಾನೇ? ಹೌದು… ನಾನೇ ಬರೆದೆ. ಕಾರ್ಡಿನೊಳಗ ಅಷ್ಟೇ ಹಿಡೀತು. ಚಪ್ಪಲಿ ಬಿಡು, ಕೂಡು. ಎಂಟು ತಿಂಗಳು ಜೇಲಿನಾಗ ಇದ್ದು ಬಂದೀ. ಅಕ್ಕನ ಮನಿಗೆ ಬಂದು ಹೊಸ್ತಿಲದಾಗ ನಿಂತು ಮಾತಾಡಬಾರದು.

ಅಕ್ಕನೇ ಇಲ್ಲ, ಅಂತೀಯೇನು? ಅನ್ನು. ಅನ್ನಬೇಕು.

ಮೊದಲು ಕಣ್ಣು. ನಿಜಾಮನ ಪೋಲೀಸರು ನಿನ್ನ ಹಿಡಕೊಂಡು ಹೋದ ಮೂರನೇ ದಿವಸ. ನಿಮ್ಮಕ್ಕ ಪ್ರಮಿಲಾ ಮುಂಜಾನೆ ಎದ್ದವಳೇ "ತಲಿ ಒಡದು ಹೋಗ್ತದ್ರೀ" ಅಂದಳು. ನೋಡಿದೆ. ಎಡಗಣ್ಣು ಮೂಗಿನ ಕಡೆ ತಿರುಗಿ ನಿಂತಿತ್ತು. ಮೂವತ್ತೊಂದು ವರ್ಷ ನೆಟ್ಟಗಿದ್ದ ಕಣ್ಣು! ನಮ್ಮವ್ವ ಏನಂದಳು ಗೊತ್ತೇನು? "ಮೆಳ್ಳಗಣ್ಣು ಲಕ್ಷ್ಮೀ ಕಣ್ಣು, ಮನಿಗೆ ದೈವ ಬಂತು!" ಓಣಿ ಹೆಂಗಸರು ಬಂದು ಅರಿಷಿಣ ಕುಂಕುಮ ಹಚ್ಚಿ ಹೋದರು. ನಗಬ್ಯಾಡ… ನಗಲಿಲ್ಲೇನು? ತುಟಿ ಅಲುಗಿತಲ್ಲ.

ನಾನು? ಶುಂಠಿ ತೇಯ್ದು ಹಣಿಗೆ ಹಚ್ಚಿದೆ. ಹಕೀಮ ಬಂದೇನವಾಜನ ಕಡೆ ಹೋದೆ. ಸುಳ್ಳು ಹೇಳೂದಿಲ್ಲ, ಆತ ಅವತ್ತೇ ಅಂದ: "ಮಾಸ್ತರಸಾಬ, ಇದು ನನ್ನ ಕೈಯಾಗಿನದಲ್ಲ. ದವಾಖಾನಿಗೆ ಒಯ್ರಿ."

ಯಾಕ ಒಯ್ಯಲಿಲ್ಲ?… ದಾರಿ ಸರಿ ಇರಲಿಲ್ಲ. ಸೊಲ್ಲಾಪುರಕ್ಕ ಹೋಗಬೇಕಂದ್ರ ಖಜೂರಿ ಗಡಿ ನಾಕಾದಾಗ ತಪಾಸು… ಗುಲ್ಬರ್ಗಾಕ್ಕ? ಹೌದು, ಗುಲ್ಬರ್ಗಾಕ್ಕ ಮೋಟಾರು ಇತ್ತು. ದಿನಾ ಇತ್ತು.

ತಡಿ, ಅದನ್ನೇ ಹೇಳಾಕತ್ತೇನಿ. ಅವಳ ಮಾತು ನನಗ ಬ್ಯಾರೆ ಕೇಳಿಸ್ತು. ಬಡಿಸುವಾಗ ರೊಟ್ಟಿ ತಾಟಿಗೆ ಹಾಕೋದು ಬಿಟ್ಟು ನೆಲಕ್ಕ ಹಾಕಿದಳು. ದುರುಗುಟ್ಟಿ ನೋಡಿದೆ. "ಏನು ಮಾಡಲಿ, ನೀವು ಇಬ್ಬರು ಕಾಣ್ತೀರಿ" ಅಂದಳು. ಇಬ್ಬರು! ಮರುದಿವಸ ಸೆರಗಿಲೆ ಒಂದು ಕಣ್ಣು ಮುಚ್ಚಿಕೊಂಡು, "ಹಿಂಗ ನೋಡಿದ್ರ ಒಬ್ಬರೇ ಆಗ್ತೀರಿ" ಅಂದಳು. ಮೈಯೆಲ್ಲಾ ಉರೀತು. ಮಾತು ಬಿಟ್ಟೆ. ನಲವತ್ತೆರಡು ದಿವಸ. ಎಣಿಸೇನಿ. ಹಿತ್ತಲದಾಗ ವಾಂತಿ ಮಾಡಿಕೊಳ್ಳೋದು ಕೇಳಸ್ತಿತ್ತು. ನಾನು ಹುಡುಗರ ವಹಿ ತಿದ್ದಕೋತ ಕೂತಿರತಿದ್ದೆ.

ಆಮ್ಯಾಲೆ ಬಿದ್ದಳು. ಆಗ ಒಯ್ದೆ. ಗುಲ್ಬರ್ಗಾದ ಹಣಮಂತರಾಯ ಡಾಕ್ಟರು ಬೆರಳು ಹಿಡಿದು ಅತ್ತಿತ್ತ ಆಡಿಸಿದರು. ಎಡಗಣ್ಣು ಹೊರಗಿನ ಕಡೆ ಹೊರಳಲೇ ಇಲ್ಲ. "ಸಣ್ಣಂದಿನಿಂದ ಮೆಳ್ಳಗಣ್ಣಿದ್ದವರಿಗೆ ಒಂದೇ ಕಾಣ್ತದ ಮಾಸ್ತರ. ದೊಡ್ಡವರಿಗೆ ಒಮ್ಮಿಂದೊಮ್ಮೆಲೆ ಬಂದ್ರ ಒಂದು ಎರಡಾಗಿ ಕಾಣ್ತದ. ಸಕ್ಕರಿ ರೋಗ ಇರಬಹುದು, ತಲಿಗೆ ಪೆಟ್ಟು ಬಿದ್ದಿರಬಹುದು, ಒಳಗ ಬಾವು ಇರಬಹುದು… ಈ ತಲಿನೋವು, ಈ ವಾಂತಿ ನೋಡಿದ್ರ ತಲಿಯೊಳಗ ಗಡ್ಡಿ ಬೆಳದದ ಅನಸ್ತದ. ಎರಡು ಕಾಣ್ತದ ಅಂತ ಅವರು ನಿಮಗ ಹೇಳಲಿಲ್ಲೇನು?" ಅಂದರು.

ಹೇಳಿದ್ದಳು. ಎರಡು ಸಲ ಹೇಳಿದ್ದಳು.

ಅವಳು ಹೋದ ದಿವಸ, ಮೊದಲೇ ತಂದಿದ್ದರ ಉಳೀತಿದ್ದಳೇನು ಅಂತ ಕೇಳಿದೆ. ಡಾಕ್ಟರು ಕೈ ತೊಳಕೊಂಡರು.

ಏನು?… ಸಿಟ್ಟು ಯಾಕ ಬಂತು? ಬರೂದಿಲ್ಲೇನು! ಹೆಂಡತಿಯಾದವಳು ಗಂಡಗ ಇಬ್ಬರು ಅಂದ್ರ… ಎರಡು ಮುಖದವ ಅಂದಂಗ ಆಗಲಿಲ್ಲೇನು? ಅಂಥಾ ದಿವಸ ಅವು. ನೀ ಸಿಗೋ ಹಿಂದಿನ ದಿವಸ ಪೋಲೀಸ್ ಅಮೀನಸಾಹೇಬ ಸಾಲಿಗೆ ಬಂದಿದ್ದ. ನೀ ಎಲ್ಲಿದ್ದೀ ಅಂತ ಎಲ್ಲಾ ಮಾಸ್ತರರನ್ನೂ ಕೇಳಿದ, ನನ್ನೊಬ್ಬನ್ನ ಅಲ್ಲ. ನೌಕರಿ ಬೇಕೋ ಬ್ಯಾಡೋ ಅಂದ… ಮತ್ತ ನೀ ಕಿಣ್ಣಿ ಸುಲ್ತಾನ ಹಳ್ಳಿ ಹೊಲದ ಗುಡಿಸಲದಾಗ ಅಡಗಿ ಮಲಗೋದು ಊರಿಗೆಲ್ಲಾ ಗೊತ್ತಿತ್ತು. ಇರಲಿಲ್ಲೇನು? ಹೌದು… ಇಲ್ಲೇ ಉಣ್ಣಾಕ ಕೂತಾಗ ಹೇಳಿದ್ದೀ. ನನಗ, ಅವಳಿಗೆ. ಇಬ್ಬರಿಗೇ.

ಹರಿ?

ಹಂಗ ನೋಡಬ್ಯಾಡ. ಬೈ. ಎದ್ದು ಎರಡು ಹೊಡಿ. ಏನರೆ ಒಂದು ಅನ್ನು…

ಅವಳಿಗೆ ಏನೂ ಗೊತ್ತಿರಲಿಲ್ಲ ಹರಿ. ಅವಳದು ಬರೇ ಕಣ್ಣು ಕೆಟ್ಟಿತ್ತು.